ಹಳೆಯ ಪಿಕಪ್ಪಿಗೆ ಯಾವ ಟಯರು?

ನಮ್ಮ ಒಕ್ಕಲುತನದ ಮನೆಗಳಲ್ಲಿ ಎತ್ತಿನ ಬಂಡಿಯ ಸ್ಥಾನಕ್ಕೆ ಪಿಕಪ್ ವಾಹನ ಬಂದು ಬಹಳ ವರ್ಷಗಳಾದವು. ಹೊಸ ವಾಹನ ಕೊಳ್ಳುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಆದುದರಿಂದ ಎರಡು ಮೂರು ಕೈ ದಾಟಿ ಬಂದ, ಹದಿನೈದು ಇಪ್ಪತ್ತು ವರ್ಷ ದುಡಿದ ಗಾಡಿಗಳೇ ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುತ್ತವೆ. ಹಾವೇರಿ, ಗದಗ, ದಾವಣಗೆರೆಯ ಕಡೆಗೆ ಹೋದರೆ ಒಂದಲ್ಲ ಒಂದು ಅಂಗಳದಲ್ಲಿ ಹಳೆಯ ಟಾಟಾ 207 ಅಥವಾ ಮಹೀಂದ್ರ ಪಿಕಪ್ ನಿಂತಿರುತ್ತದೆ. ಬೇಸಿಗೆಯಲ್ಲಿ ಅದು ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿ ಹೊರುತ್ತದೆ, ಸುಗ್ಗಿಯಲ್ಲಿ ಗೋವಿನಜೋಳ ಹೊರುತ್ತದೆ. ಇಂಥ ಗಾಡಿಗೆ ಟಯರು ಬದಲಿಸುವ ಹೊತ್ತು ಬಂದಾಗ ಮನೆಯವರು ಅದನ್ನು ಅಂಗಡಿಗೆ ಒಯ್ದು, “ಈಗ ಇರುವಂಥದ್ದೇ ಕೊಡಿರಿ” ಎನ್ನುತ್ತಾರೆ. ಈ ಸಲ ಆ ಒಂದು ಮಾತನ್ನೇ ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ಹಳೆಯ ಗಾಡಿಯಲ್ಲಿ ಈಗ ಇರುವ ಟಯರು, ಇರಬೇಕಾದ ಟಯರು ಎಂಬುದಕ್ಕೆ ಸಾಕ್ಷಿಯಲ್ಲ. ಮೊದಲ ಒಡೆಯ ಕಂಪನಿಯವರು ಹೇಳಿದ್ದನ್ನೇ ಹಾಕಿಸಿರಬಹುದು. ಎರಡನೆಯವನು ಅಗ್ಗಕ್ಕೆ ಸಿಕ್ಕದ್ದನ್ನು ಹಾಕಿಸಿರುತ್ತಾನೆ. ಮೂರನೆಯವನು ಗಾಡಿಗೆ ಅಂದ ಬರಲೆಂದು ಗಾಲಿಯ ರಿಮ್ಮನ್ನೇ ಬದಲಿಸಿರುತ್ತಾನೆ. ನಾಲ್ಕನೆಯವರಾಗಿ ಕೊಂಡ ನಾವು ಅದನ್ನೇ ಪ್ರಮಾಣವೆಂದು ತಿಳಿದು ಮುಂದುವರಿಸಿದರೆ, ಯಾರೋ ಮಾಡಿದ ಹೊಂದಾಣಿಕೆಯ ಮೇಲೆ ನಮ್ಮ ಮಕ್ಕಳನ್ನು ರಾತ್ರಿಯ ಹೆದ್ದಾರಿಗೆ ಕಳುಹಿಸಿದಂತಾಗುತ್ತದೆ. ಸೋಮವಾರ ಮೂಟೆ ಹೊತ್ತ ಗಾಡಿಯಲ್ಲಿಯೇ ಮಂಗಳವಾರ ಜಾತ್ರೆಗೆ ಜನರನ್ನು ತುಂಬಿಕೊಂಡು ಹೋಗುವ ರೂಢಿಯೂ ನಮ್ಮಲ್ಲುಂಟು. ಅದು ಕಾನೂನಿಗೂ ವಿರುದ್ಧ, ವಿವೇಕಕ್ಕೂ ವಿರುದ್ಧ, ನಾವಂತೂ ಒಪ್ಪುವುದಿಲ್ಲ. ಆದರೂ ಅದು ನಡೆದಿದೆ ಎಂಬುದನ್ನು ಮರೆತು ಟಯರಿನ ಮಾತನಾಡಲಾಗದು.

ಹಾಗಾದರೆ ಸಾಕ್ಷಿ ಎಲ್ಲಿದೆ? ಮೊದಲನೆಯದು, ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿ ಅಥವಾ ಗಾಡಿಯ ಜೊತೆಗೆ ಬಂದ ಕೈಪಿಡಿ. ಹಳೆಯ ಗಾಡಿಗಳಲ್ಲಿ ಚೀಟಿ ಅಳಿಸಿಹೋಗಿರುತ್ತದೆ, ಕೈಪಿಡಿ ಎಲ್ಲಿಯೋ ಕಳೆದಿರುತ್ತದೆ. ಆದರೆ ಇನ್ನೊಂದು ದಾಖಲೆ ಮನೆಯ ಟ್ರಂಕಿನಲ್ಲಿಯೇ ಇರಬಹುದು. 1988ರ ಮೋಟಾರು ವಾಹನ ಕಾಯ್ದೆಯ 58ನೆಯ ಕಲಮಿನಂತೆ, ಸರಕು ಸಾಗಣೆಯ ವಾಹನವನ್ನು ನೋಂದಾಯಿಸುವಾಗ ಪ್ರತಿಯೊಂದು ಗಾಲಿಯ ಟಯರಿನ ಸಂಖ್ಯೆ, ಸ್ವರೂಪ, ಅಳತೆಗಳನ್ನೂ, ಅಚ್ಚುಗಳು ತಾಳುವ ತೂಕವನ್ನೂ ಬರೆದಿಡಬೇಕು. ಹಳೆಯ ಪುಸ್ತಕ ರೂಪದ ಆರ್.ಸಿ. ಇದ್ದವರು ಅದರ ಒಳಪುಟವನ್ನು ಒಮ್ಮೆ ತೆರೆದು ನೋಡಲಿ. ತೆರಿಗೆಯ ಮುದ್ರೆಗಳನ್ನು ಮಾತ್ರ ನೋಡಿ ಮಡಚಿಡುವ ಆ ಪುಸ್ತಕದಲ್ಲಿ ಇಂಥ ಉಪಯುಕ್ತ ವಿವರವಿದೆಯೆಂದು ಅನೇಕರಿಗೆ ಗೊತ್ತಿಲ್ಲ.

ಮೂರನೆಯ ಸಾಕ್ಷಿ ರಿಮ್ಮು. ಟಯರು ಬಿಚ್ಚಿದಾಗ ತಂತಿಯ ಬ್ರಷ್ಷಿನಿಂದ ತುಕ್ಕು ತಿಕ್ಕಿ ನೋಡಿದರೆ ಅದರ ವ್ಯಾಸ ಮತ್ತು ಅಗಲಗಳನ್ನು ಕಬ್ಬಿಣದಲ್ಲಿಯೇ ಒತ್ತಿರುವುದು ಸಾಮಾನ್ಯವಾಗಿ ಕಾಣುತ್ತದೆ. ಒಂದನ್ನು ನೋಡಿ ಉಳಿದವೂ ಹಾಗೆಯೇ ಎಂದುಕೊಳ್ಳಬಾರದು. ಹೆಚ್ಚುವರಿ ಗಾಲಿಯೂ ಸೇರಿ ಐದನ್ನೂ ನೋಡತಕ್ಕದ್ದು.

ಇನ್ನು ಟಯರಿನ ಮೇಲಿನ ಬರಹ. ಹಳೆಯ ಪಿಕಪ್ಪುಗಳಲ್ಲಿ 7.00-15 ಎಂಬಂಥ ಬರಹವಿರುತ್ತದೆ. ಟಯರಿನ ಅಗಲ ಏಳು ಇಂಚು, ಅದು ಕೂರುವ ರಿಮ್ಮಿನ ವ್ಯಾಸ ಹದಿನೈದು ಇಂಚು ಎಂದು ಅದರ ಅರ್ಥ. ನಡುವಿನ ಅಡ್ಡಗೆರೆಯು, ದಾರಗಳನ್ನು ಓರೆಯಾಗಿ ಒಂದರ ಮೇಲೊಂದು ಹಾಸಿದ ಹಳೆಯ ಪದ್ಧತಿಯ ಟಯರೆಂದು ಸೂಚಿಸುತ್ತದೆ. ಅಡ್ಡಗೆರೆಯ ಜಾಗದಲ್ಲಿ ಆರ್ ಎಂಬ ಅಕ್ಷರವಿದ್ದರೆ ಅದು ರೇಡಿಯಲ್. ಹೊಸ ರೀತಿಯ ಬರಹ 215/75 ಆರ್ 15 ಎಂದಿರುತ್ತದೆ. ಇಲ್ಲಿ ಅಗಲ 215 ಮಿಲಿಮೀಟರು, ಟಯರಿನ ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 75 ಪಾಲು, ರಿಮ್ಮು ಹದಿನೈದು ಇಂಚು.

ಒಂದು ಸಣ್ಣ ಲೆಕ್ಕ ಮಾಡೋಣ. 215ರಲ್ಲಿ 75 ಪಾಲು ಎಂದರೆ 161 ಮಿಲಿಮೀಟರು. ಮೇಲೊಂದು, ಕೆಳಗೊಂದು ಸೇರಿಸಿ, ರಿಮ್ಮಿನ 381 ಮಿಲಿಮೀಟರನ್ನು ಕೂಡಿಸಿದರೆ ಗಾಲಿಯ ಒಟ್ಟು ಎತ್ತರ ಸುಮಾರು 703. ಹಳೆಯ 7.00-15ರಲ್ಲಿ ಪಕ್ಕೆಯ ಎತ್ತರವು ಅಗಲಕ್ಕೆ ಬಹುಮಟ್ಟಿಗೆ ಸಮನಾಗಿರುವುದರಿಂದ ಅದರ ಎತ್ತರ 735ರ ಮೇಲೆಯೇ ಹೋಗುತ್ತದೆ. ಎಂದರೆ ನೋಡಲು ಅಗಲವಾದ ಹೊಸ ಟಯರೇ ಎತ್ತರದಲ್ಲಿ ಚಿಕ್ಕದು. ಎರಡೂ ಹದಿನೈದು ಇಂಚಿನ ರಿಮ್ಮಿನವೇ ಆದರೂ ಒಂದರ ಬದಲು ಇನ್ನೊಂದಲ್ಲ. ಕಾರಿನ 205/65 ಆರ್ 15 ಟಯರು ಅಗ್ಗಕ್ಕೆ ಸಿಕ್ಕಿತೆಂದು ಹಾಕಿಸಿದರೆ ಎತ್ತರ 647ಕ್ಕೆ ಇಳಿಯುತ್ತದೆ. 215/75ಕ್ಕೆಂದು ಹೊಂದಿಸಿದ ಗಾಡಿಯ ಮುಳ್ಳು ಆಗ ಗಂಟೆಗೆ 60 ಎಂದು ತೋರಿಸಿದರೆ ನಿಜವಾದ ವೇಗ 55 ಮಾತ್ರ. ಅಷ್ಟೇ ದಾರಿಗೆ ಎಂಜಿನ್ನು ಹೆಚ್ಚು ಸುತ್ತಬೇಕಾಗುತ್ತದೆ.

ವೇಗದ ಮಾತು ಹಾಗಿರಲಿ, ನಿಜವಾದ ಅಪಾಯ ಭಾರದ್ದು. ಅಳತೆಯ ಪಕ್ಕದಲ್ಲಿ 100, 94 ಎಂದು ಸಣ್ಣ ಅಂಕಿಯೊಂದಿರುತ್ತದೆ. ಅದು ಬೆಲೆಯೂ ಅಲ್ಲ, ತಯಾರಿಕೆಯ ಗುರುತೂ ಅಲ್ಲ. ಒಂದು ಟಯರು ಹೊರಬಹುದಾದ ಭಾರದ ಸಂಕೇತ. 100 ಎಂದರೆ 800 ಕಿಲೋ, 94 ಎಂದರೆ 670 ಕಿಲೋ. ಮೇಲೆ ಹೇಳಿದ ಕಾರಿನ ಟಯರಿನಲ್ಲಿ ಸಾಮಾನ್ಯವಾಗಿ ಇರುವುದು 94. ಹಿಂದಿನ ಎರಡು ಗಾಲಿಗಳು 1600 ಕಿಲೋ ಹೊರಬೇಕಾದಲ್ಲಿ 1340 ಮಾತ್ರ ಹೊರುವಂಥವು ಬಂದು ಕೂರುತ್ತವೆ. ಐವತ್ತು ಕಿಲೋದ ಐದು ಚೀಲಗಳಿಗೂ ಮಿಗಿಲಾದ ಈ ಕೊರತೆ ಕಣ್ಣಿಗೆ ಕಾಣುವುದಿಲ್ಲ. ಟಯರಿನೊಳಗೆ ಬಿಸಿಯಾಗಿ ಬೆಳೆಯುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ತುಂಬಿದ ಗಾಡಿ, ಕಡಿಮೆ ಗಾಳಿ, ಇವು ಒಟ್ಟಿಗೆ ಸೇರಿದಲ್ಲಿ ಟಯರು ಸಿಡಿಯುತ್ತದೆ. ಹಳೆಯ ಟಯರುಗಳಲ್ಲಿ ಈ ಅಂಕಿಯ ಬದಲು 8 ಪಿ.ಆರ್. ಎಂಬಂತೆ ಪದರದ ಲೆಕ್ಕವಿರುತ್ತದೆ. ಒಳಗೆ ಎಂಟು ಪದರಗಳೇ ಇವೆಯೆಂದು ಅದರ ಅರ್ಥವಲ್ಲ. ಹತ್ತಿಯ ದಾರದ ಕಾಲದಿಂದ ಉಳಿದು ಬಂದ ಬಲದ ಅಳತೆಗೋಲು ಅದು. ಮೊದಲು ಎಂಟು ಇದ್ದಲ್ಲಿ ಆರನ್ನು ಒಪ್ಪಬೇಡಿರಿ.

“ಸ್ವಲ್ಪ ಹೆಚ್ಚುಕಡಿಮೆಯಾದರೆ ಏನಾಯಿತು?” ಎಂದು ಕೇಳುವವರಿಗೆ ಅಮೆರಿಕದ ಒಂದು ಪ್ರಕರಣವನ್ನು ಹೇಳಬೇಕು. ಅಲ್ಲಿಯ ಹಳೆಯ ಪಿಕಪ್ಪುಗಳಲ್ಲಿ ಹದಿನಾರು ಇಂಚಿನ ರಿಮ್ಮುಗಳ ಜೊತೆಗೆ ಹದಿನಾರೂವರೆ ಇಂಚಿನವೂ ಇದ್ದವು. ಅರ್ಧ ಇಂಚಿನ ಅಂತರವನ್ನು ಕಣ್ಣು ಗುರುತಿಸದು. ದೊಡ್ಡ ರಿಮ್ಮಿನ ಅಂಚು ಇಳಿಜಾರಾಗಿದ್ದುದರಿಂದ ಹದಿನಾರು ಇಂಚಿನ ಟಯರು ಅದರ ಮೇಲೆ ಏರುತ್ತಿತ್ತು, ಆದರೆ ಸರಿಯಾಗಿ ಕೂರುತ್ತಿರಲಿಲ್ಲ. ಕೂರಿಸಲೆಂದು ಗಾಳಿ ತುಂಬುತ್ತ ಹೋದಂತೆ ಅಂಚಿನೊಳಗಿನ ಉಕ್ಕಿನ ತಂತಿ ಹರಿದು ಟಯರು ಸ್ಫೋಟಿಸುತ್ತಿತ್ತು. ಹೀಗೆ ಗಾಯಗೊಂಡ ಒಬ್ಬ ಮೆಕ್ಯಾನಿಕ್ಕನ ದಾವೆ ಟೆಕ್ಸಾಸಿನ ಸುಪ್ರೀಂ ಕೋರ್ಟಿನವರೆಗೆ ಹೋಗಿ 1998ರಲ್ಲಿ ತೀರ್ಮಾನವಾಯಿತು. ಟಯರಿನ ಮೇಲೆ ಎಚ್ಚರಿಕೆಯ ಚೀಟಿ ಇತ್ತು. ಆದರೆ ಹೆಚ್ಚು ಸುರಕ್ಷಿತವಾದ ರಚನೆ ಸಾಧ್ಯವಿದ್ದಾಗ ಚೀಟಿ ಅಂಟಿಸಿದ ಮಾತ್ರಕ್ಕೆ ತಯಾರಕರ ಹೊಣೆ ತೀರದೆಂದು ನ್ಯಾಯಾಲಯ ಹೇಳಿತು. ಹದಿನಾರೂವರೆಯ ರಿಮ್ಮು ನಮ್ಮ ಪಿಕಪ್ಪುಗಳಲ್ಲಿ ರೂಢಿಯಲ್ಲಿಲ್ಲ. ಆ ದೇಶದಲ್ಲಿ ನೆಲೆಸಿ ಹಳೆಯ ಪಿಕಪ್ ಕೊಳ್ಳುವ ನಮ್ಮ ಹುಡುಗರು ಮಾತ್ರ ಇದನ್ನು ತಿಳಿದಿರಬೇಕು. ಇಲ್ಲಿಯ ಅಂಗಡಿಗಳಲ್ಲಿಯೂ ಗಾಳಿ ತುಂಬುವಾಗ ಮಕ್ಕಳನ್ನು ಗಾಲಿಯ ಹತ್ತಿರ ಬಿಡಬಾರದು.

ಹಳೆಯ ಓರೆದಾರದ ಟಯರು ಸಿಗುತ್ತಿಲ್ಲವೆಂದು ಕಳವಳಪಡುವ ಕಾರಣವಿಲ್ಲ. ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಪಡೆದ ರೇಡಿಯಲ್ ರಚನೆ ಇಂದು ಎಲ್ಲೆಡೆ ಹಬ್ಬಿದೆ. 7.00-15ರ ಜಾಗಕ್ಕೆ 7.00 ಆರ್ 15 ಎಂಬ ರೇಡಿಯಲ್ ಟಯರೂ ತಯಾರಾಗುತ್ತದೆ. ಅಳತೆ ಬದಲಿಸದೆ ರಚನೆಯನ್ನು ಮಾತ್ರ ಬದಲಿಸುವ ಈ ದಾರಿಯೇ ನಮ್ಮ ಅಭಿಪ್ರಾಯದಲ್ಲಿ ಲೇಸು. ಆದರೆ ಒಂದೇ ಅಚ್ಚಿನಲ್ಲಿ ಒಂದು ಕಡೆ ಹಳೆಯದು, ಇನ್ನೊಂದು ಕಡೆ ರೇಡಿಯಲ್ ಕೂಡದು. ತಿರುವಿನಲ್ಲಿ ಎರಡರ ನಡತೆಯೂ ಬೇರೆ ಬೇರೆ. ಹಣ ಹೊಂದಿಸಿಕೊಂಡು ನಾಲ್ಕನ್ನೂ ಒಟ್ಟಿಗೆ ಬದಲಿಸುವುದು ಉತ್ತಮ. ರೇಡಿಯಲ್ಲಿಗೆ ಅದರದೇ ಟ್ಯೂಬು ಹಾಕಿಸಬೇಕು.

ಕೊಳ್ಳುವಾಗ ಐ.ಎಸ್.ಐ. ಗುರುತನ್ನೂ, ಪಕ್ಕೆಯ ಮೇಲಿನ ನಾಲ್ಕು ಅಂಕಿಗಳನ್ನೂ ನೋಡಿರಿ. 2324 ಎಂದಿದ್ದರೆ 2024ರ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಹಳೆಯ ಅಳತೆಯ ಟಯರುಗಳಿಗೆ ಬೇಡಿಕೆ ಕಡಿಮೆ, ಆದ್ದರಿಂದ ಅವು ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ಬಿದ್ದಿರುತ್ತವೆ. ರಬ್ಬರು ಓಡದಿದ್ದರೂ ಮುದಿಯಾಗುತ್ತದೆ. ಇರುವ ಟಯರಿನ ಗೀರುಗಳು 1.6 ಮಿಲಿಮೀಟರಿಗಿಂತ ಸವೆದಿದ್ದರೆ ಅದು ರಸ್ತೆಗೆ ಯೋಗ್ಯವಲ್ಲವೆಂಬುದು ನಿಯಮ.

ಗಾಳಿಯ ಪ್ರಮಾಣಕ್ಕೆ ಗಾಡಿಯ ಚೀಟಿಯನ್ನೇ ನಂಬಬೇಕು. ಟಯರಿನ ಮೇಲಿನ ಅಂಕಿ ಅದರ ಮಿತಿಯನ್ನು ಹೇಳುತ್ತದೆಯೇ ಹೊರತು ನಿಮ್ಮ ಗಾಡಿಯ ಅಗತ್ಯವನ್ನಲ್ಲ. ಬೆಳಿಗ್ಗೆ, ಗಾಡಿ ಹೊರಡುವ ಮೊದಲು, ಟಯರು ತಣ್ಣಗಿರುವಾಗಲೇ ಅಳೆಸಿರಿ. ಹಾಸಿನ ಕೆಳಗೆ ಕೆಸರು ಮೆತ್ತಿಕೊಂಡು ನೇತಾಡುವ ಐದನೆಯ ಗಾಲಿಯನ್ನೂ ಇಳಿಸಿ ನೋಡಿರಿ. ಅದರಲ್ಲಿ ಮೊದಲ ಒಡೆಯನ ಕಾಲದ ಟಯರೇ ಉಳಿದಿರುವುದುಂಟು. ಓಡಲು ಅದು ಬಾರದು. ಗಾಡಿಯ ಮೂಲ ಅಳತೆಯನ್ನು ಮಾತ್ರ ಅದರ ಮೇಲೆ ಓದಿಕೊಳ್ಳಬಹುದು.