ಆಟದ ಹೆಲಿಕಾಪ್ಟರ್: ದೊಡ್ಡದನ್ನು ಕೊಳ್ಳುವ ಮುನ್ನ

ರೇಡಿಯೊ ನಿಯಂತ್ರಣದ ಪುಟ್ಟ ಹೆಲಿಕಾಪ್ಟರ್ ಮನೆಗೆ ಬಂದ ಕೆಲವೇ ವಾರಗಳಲ್ಲಿ ‘ಇದು ಸಾಲದು, ದೊಡ್ಡದು ಬೇಕು’ ಎಂಬ ಹಟ ಶುರುವಾಗುವುದು ಸಹಜ. ಹಟ ಹಿಡಿಯುವವರು ಮಕ್ಕಳೇ ಆಗಬೇಕೆಂದಿಲ್ಲ, ಅಪ್ಪಂದಿರೂ ಇರಬಹುದು! ಇದನ್ನು ಬರೀ ಹಣದ ಪ್ರಶ್ನೆಯೆಂದು ತಿಳಿಯಬೇಡಿ. ಇದು ಕಣ್ಣು, ಬೆರಳುಗಳ ಪ್ರಶ್ನೆಯೂ ಹೌದು.

ಕಲಿಯುವವರ ಹೆಲಿಕಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ಒಂದರ ಮೇಲೊಂದು ಎರಡು ಜೊತೆ ರೆಕ್ಕೆಗಳು ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಹೀಗಾಗಿ ಯಂತ್ರ ಗಿರಗಿರನೆ ಸುತ್ತದೆ ನಿಲ್ಲುತ್ತದೆ. ಹಗುರ ಪ್ಲಾಸ್ಟಿಕ್ ರೆಕ್ಕೆ ಗೋಡೆಗೆ ತಾಗಿದರೆ ಮುರಿಯುವುದು ರೆಕ್ಕೆಯೇ. ದೊಡ್ಡ ಮಾದರಿಯ ಮಾತೇ ಬೇರೆ. ಒಂದೂವರೆ ಮೀಟರ್ ವ್ಯಾಸದಲ್ಲಿ ನಿಮಿಷಕ್ಕೆ 2000 ಸುತ್ತು ತಿರುಗುವ ರೆಕ್ಕೆಯ ತುದಿ ಗಂಟೆಗೆ 550 ಕಿ.ಮೀ.ಗೂ ಹೆಚ್ಚು ವೇಗದಲ್ಲಿರುತ್ತದೆ. ಅದು ಆಟಿಕೆಯಲ್ಲ, ಕತ್ತಿ. 2013ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಉದ್ಯಾನವೊಂದರಲ್ಲಿ, ಪಳಗಿದ ಕೈಯ 19 ವರ್ಷದ ಯುವಕನೊಬ್ಬ ತನ್ನದೇ ಹೆಲಿಕಾಪ್ಟರ್ ಬಡಿದು ಸತ್ತ.

ಹಾಗಾದರೆ ದೊಡ್ಡದಕ್ಕೆ ಹೋಗುವುದು ಯಾವಾಗ? ಬಾಲ ನಿಮ್ಮ ಕಡೆಗಿದ್ದಾಗ ಹಾರಿಸುವುದು ಸುಲಭ. ಮೂತಿ ನಿಮ್ಮತ್ತ ತಿರುಗಿದರೆ ಎಡಬಲ ಅದಲುಬದಲಾಗುತ್ತದೆ, ಗಾಬರಿಯಾಗುವುದು ಆಗಲೇ. ಆ ಸ್ಥಿತಿಯಲ್ಲೂ ಒಂದೇ ಕಡೆ ನಿಲ್ಲಿಸುವಷ್ಟು ಕೈ ಪಳಗುವವರೆಗೆ ಚಿಕ್ಕದೇ ಸಾಕು. ನನ್ನ ಮಟ್ಟಿಗೆ ಮೊದಲು ಕೊಳ್ಳಬೇಕಾದದ್ದು ಕಣ್ಣಿನ ರಕ್ಷಣೆಯ ಗಟ್ಟಿ ಕನ್ನಡಕ. ಆಮೇಲೆ ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡುವ ಸಿಮ್ಯುಲೇಟರ್. ಅಲ್ಲಿ ಎಷ್ಟು ಸಲ ಬಿದ್ದರೂ ಯಾರಿಗೂ ಗಾಯವಿಲ್ಲ.

ದೊಡ್ಡದನ್ನು ಕೊಂಡ ಮೇಲೆ ಅದಕ್ಕೆ ತೆರೆದ ಮೈದಾನವೇ ಬೇಕು. ಮನೆಯ ಅಂಗಳ, ತಾರಸಿ ಸಲ್ಲದು. ನೋಡುವವರು ದೂರವಿರಲಿ, ಚಿಕ್ಕ ಮಕ್ಕಳಂತೂ ಹತ್ತಿರ ಸುಳಿಯಬಾರದು. ರೆಕ್ಕೆ ಪೂರ್ತಿ ನಿಲ್ಲುವವರೆಗೆ ಕೈ ಚಾಚಬೇಡಿ. ಲಿಥಿಯಂ ಬ್ಯಾಟರಿಯನ್ನು ಅದರದೇ ಚಾರ್ಜರ್‌ನಲ್ಲಿ, ಕಣ್ಣೆದುರೇ ಚಾರ್ಜ್ ಮಾಡಿ. ರಾತ್ರಿಯಿಡೀ ಬಿಟ್ಟು ಮಲಗಬೇಡಿ. ಉಬ್ಬಿದ ಬ್ಯಾಟರಿಗೆ ಬೆಂಕಿ ಹತ್ತಬಹುದು, ಅದನ್ನು ಮತ್ತೆ ಬಳಸಬೇಡಿ.

ಕಣ್ಣಿಗೆ ಪೆಟ್ಟಾದರೆ ಉಜ್ಜಬೇಡಿ, ಒತ್ತಬೇಡಿ, ಮನೆಯಲ್ಲಿರುವ ಹನಿ ಔಷಧಿ ಹಾಕಬೇಡಿ. ಕಾಗದದ ಲೋಟದ ತಳವನ್ನು ಕಣ್ಣಿಗೆ ತಾಗದಂತೆ ಮುಚ್ಚಿ ಹಿಡಿದು ಕೂಡಲೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ.

ಹವ್ಯಾಸ ಒಳ್ಳೆಯದೇ, ತಾಳ್ಮೆ ಕಲಿಸುತ್ತದೆ, ಕೈ ಕಣ್ಣುಗಳ ಹೊಂದಾಣಿಕೆಯನ್ನು ಹದಗೊಳಿಸುತ್ತದೆ. ಆ ತಾಳ್ಮೆ ಅಂಗಡಿಯ ಮುಂದೆ ನಿಂತಾಗಲೂ ಇರಲಿ.