ಫಾರ್ಮ್ ಮಾಂಟ್ರಿಯಲ್‌ಗೆ ಹೋಯ್ತು, ಆಮೇಲೆ?

ವಿಮಾನ ಅಪಘಾತದಲ್ಲಿ ಗಾಯಗೊಂಡವರೊಬ್ಬರು 29ನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರೆ ಅಂತರರಾಷ್ಟ್ರೀಯ ಲೆಕ್ಕದಲ್ಲಿ ಅದು ಸಾವು. ಅವರೇ 40ನೇ ದಿನ ತೀರಿಕೊಂಡರೆ ಲೆಕ್ಕದಲ್ಲಿ ಅದು 'ಗಂಭೀರ ಗಾಯ'. ಮೊದಲ ಸಲ ಓದಿದಾಗ ಯಾರಿಗಾದರೂ ಸಿಟ್ಟು ಬರುತ್ತೆ. ಮನುಷ್ಯ ಹೋಗಿಬಿಟ್ಟಿದ್ದಾನೆ, ಕಾಗದದಲ್ಲಿ ಇನ್ನೂ ಗಾಯಾಳು!

ಆದರೆ ಸ್ವಲ್ಪ ಯೋಚಿಸಿದರೆ ಅದರ ಹಿಂದಿನ ಕಾರಣ ಕಾಣುತ್ತೆ. ಒಂದು ದೇಶ ಏಳು ದಿನದೊಳಗಿನ ಸಾವು ಮಾತ್ರ ಎಣಿಸಿ, ಇನ್ನೊಂದು ಒಂದು ವರ್ಷದವರೆಗೆ ಎಣಿಸಿದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಕೆ ಆಗಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೀಲೇಬೇಕು. 30 ದಿನ ಅಂತ ಎಳೆದಿದ್ದಾರೆ, ಅದೂ ಅಂಕಿಅಂಶದ ಏಕರೂಪತೆಗೆ ಮಾತ್ರ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಅಳತೆಗೆ ಕೂತವರೆಲ್ಲ ಒಂದೇ ಸ್ಕೇಲ್ ಹಿಡೀಬೇಕು ಅನ್ನೋದನ್ನ ನಮಗೆ ಫಸ್ಟ್ ಇಯರ್ ಲ್ಯಾಬ್‌ನಲ್ಲೇ ಹೇಳಿಕೊಟ್ಟಿದ್ದಾರೆ. (ನಮ್ಮ ಲ್ಯಾಬ್ ರೆಕಾರ್ಡ್‌ಗಳಲ್ಲಿ ಗ್ರಾಫ್ ಮೊದಲು, ರೀಡಿಂಗ್ ಆಮೇಲೆ ಹುಟ್ಟೋ ವಿಷಯ ಈಗ ಬೇಡ.)

ಈ ನಿಯಮ ಇರೋದು ಐಸಿಎಒದ ಅನೆಕ್ಸ್ 13ರಲ್ಲಿ. ಐಸಿಎಒ ಅಂದ್ರೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ. 1944ರ ಷಿಕಾಗೊ ಒಪ್ಪಂದದಿಂದ ಹುಟ್ಟಿದ್ದು, ಕಚೇರಿ ಕೆನಡಾದ ಮಾಂಟ್ರಿಯಲ್‌ನಲ್ಲಿ, ಸದಸ್ಯ ದೇಶಗಳು 193. ವಿಮಾನ ಬಿದ್ದ ದೇಶವೇ ತನಿಖೆ ಮಾಡಬೇಕು. ನಮ್ಮಲ್ಲಿ 2012ರಿಂದ ಆ ಕೆಲಸ ಎಎಐಬಿ ಅನ್ನೋ ವಿಮಾನ ಅಪಘಾತ ತನಿಖಾ ಬ್ಯೂರೋದ್ದು. ಆದರೆ ವಿಮಾನ ಯಾವತ್ತೂ ಒಂದೇ ದೇಶದ್ದಾಗಿರಲ್ಲ. ಡಿಸೈನ್ ಒಂದು ದೇಶದ್ದು, ನೋಂದಣಿ ಒಂದು ದೇಶದ್ದು, ಓಡಿಸುವ ಕಂಪನಿ ಮತ್ತೊಂದು ದೇಶದ್ದು ಇರಬಹುದು. ಅವರಿಗೆಲ್ಲ ತಡ ಮಾಡದೆ ಸುದ್ದಿ ಮುಟ್ಟಿಸಬೇಕು. ವಿಮಾನದ ತೂಕ 2,250 ಕೆಜಿ ಮೀರಿದ್ದರೆ ಐಸಿಎಒಗೂ ತಿಳಿಸಬೇಕು. 30 ದಿನದಲ್ಲಿ ಪ್ರಾಥಮಿಕ ವರದಿ. ಸಾಧ್ಯವಾದರೆ 12 ತಿಂಗಳಲ್ಲಿ ಅಂತಿಮ ವರದಿ. ಆಗಲಿಲ್ಲ ಅಂದ್ರೆ ಪ್ರತಿ ವರ್ಷ ಅಪಘಾತದ ದಿನಕ್ಕೆ, ತನಿಖೆ ಎಲ್ಲಿಗೆ ಬಂತು ಅಂತ ಒಂದು ಹೇಳಿಕೆ ಕೊಡಬೇಕು.

ಇಷ್ಟೆಲ್ಲ ಮುಗಿದ ಮೇಲೆ ಇನ್ನೊಂದು ಕಾಗದ ಹೋಗುತ್ತೆ. ಅದರ ಬಗ್ಗೆ ಯಾವ ಚಾನೆಲ್ಲೂ ಮಾತಾಡಲ್ಲ. ಅದು ಅಪಘಾತದ ಡೇಟಾ ರಿಪೋರ್ಟ್. ಕಥೆ ಅಲ್ಲ, ಕೋಡ್‌ಗಳು. ವಿಮಾನ ರನ್‌ವೇ ಬಿಟ್ಟು ಆಚೆ ಹೋದ್ರೆ ಆರ್‌ಇ. ಹಾರುವಾಗ ಹಿಡಿತ ತಪ್ಪಿದ್ರೆ ಎಲ್‌ಒಸಿ-ಐ. ಎಲ್ಲ ಸರಿಯಿದ್ದು ಪೈಲಟ್ ಹಿಡಿತದಲ್ಲೇ ಇದ್ದ ವಿಮಾನ ಗುಡ್ಡಕ್ಕೆ ಬಡಿದ್ರೆ ಸಿಎಫ್‌ಐಟಿ. ಯಾವ ಹಂತದಲ್ಲಿ ಆಯ್ತು, ಯಾವುದಾದ ಮೇಲೆ ಯಾವುದು ಆಯ್ತು ಅನ್ನೋದಕ್ಕೂ ಕೋಡ್ ಇದೆ. ಇದೆಲ್ಲ ಅಡ್ರೆಪ್ ಅನ್ನೋ ಐಸಿಎಒ ಡೇಟಾಬೇಸ್‌ಗೆ ಸೇರುತ್ತೆ. ಪೆರುವಿನ ತನಿಖಾಧಿಕಾರಿ ಸ್ಪ್ಯಾನಿಷ್‌ನಲ್ಲಿ ಬರೆದಿರಲಿ, ನಮ್ಮವರು ಇಂಗ್ಲಿಷ್‌ನಲ್ಲಿ ಬರೆದಿರಲಿ, ಕೊನೆಗೆ ಎರಡೂ ಒಂದೇ ಕಾಲಂನಲ್ಲಿ ಕೂರ್ತವೆ. ನನಗೆ ಇದು ಬಹಳ ಚಂದದ ಎಂಜಿನಿಯರಿಂಗ್ ಅನ್ಸುತ್ತೆ. ಎಲ್ಲೋ ಆದ ದುರಂತವನ್ನ ಇನ್ನೆಲ್ಲೋ ಕೂತವರು ಓದೋ ಹಾಗೆ ಮಾಡಿದ್ದಾರಲ್ಲ!

ನನ್ನ ತಕರಾರು ಈ ವ್ಯವಸ್ಥೆ ಮೇಲೆ ಅಲ್ಲ. ಹೊರಗಡೆಗೆ ಲೆಕ್ಕ ಒಪ್ಪಿಸೋಕೆ ಇಷ್ಟು ಶಿಸ್ತು ಇರುವಾಗ, ಒಳಗಡೆ ಅದೇ ಪಾಠವನ್ನ ನಾವು ಓದಿದೀವಾ ಅನ್ನೋದರ ಮೇಲೆ.

2010ರ ಮೇ 22. ದುಬೈನಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737-800. ಬಜ್ಪೆಯ ರನ್‌ವೇ ಗುಡ್ಡದ ನೆತ್ತಿ ಮೇಲಿದೆ, ಉದ್ದ 8,033 ಅಡಿ. ವಿಮಾನ ತುಂಬ ಎತ್ತರದಲ್ಲೇ ಬಂದು, ರನ್‌ವೇಯ ಸುಮಾರು 5,200 ಅಡಿ ದಾಟಿದ ಮೇಲೆ ನೆಲ ಮುಟ್ಟಿತು. ನಿಲ್ಲೋಕೆ ಜಾಗ ಸಾಲದೆ ಕಣಿವೆಗೆ ಹೋಯ್ತು. 166 ಜನರಲ್ಲಿ 158 ಜನ ಸತ್ತರು. ಕೋ-ಪೈಲಟ್ ಮೂರು ಸಲ 'ಗೋ ಅರೌಂಡ್' ಅಂದಿದ್ದರು, ಅಂದ್ರೆ ಇಳಿಸೋದು ಬಿಟ್ಟು ಮತ್ತೆ ಮೇಲೇರಿ ಅಂತ. ಕ್ಯಾಪ್ಟನ್ ಇಳಿಸೋದನ್ನ ಬಿಡಲಿಲ್ಲ, ಅದೇ ನೇರ ಕಾರಣ ಅಂತ ತನಿಖೆ ಹೇಳಿತು. ಹಾರಾಟದಲ್ಲಿ ಕ್ಯಾಪ್ಟನ್ ಒಂದೂವರೆ ಗಂಟೆಗೂ ಹೆಚ್ಚು ನಿದ್ದೆ ಮಾಡಿದ್ದರು ಅನ್ನೋದೂ ವಾಯ್ಸ್ ರೆಕಾರ್ಡರ್‌ನಿಂದ ಗೊತ್ತಾಯ್ತು.

ಈಗ 2020ರ ಆಗಸ್ಟ್ 7ಕ್ಕೆ ಬನ್ನಿ. ಅದೇ ಕಂಪನಿ, ಅದೇ 737-800, ಮತ್ತೆ ದುಬೈನಿಂದ, ಮತ್ತೆ ಗುಡ್ಡದ ಮೇಲಿನ ರನ್‌ವೇ. ಈ ಸಲ ಕೋಯಿಕ್ಕೋಡ್. ಮಳೆ ಇತ್ತು, ಹಿಂಗಾಳಿ ಇತ್ತು. ವಿಮಾನ ರನ್‌ವೇಯ ಅರ್ಧ ದೂರಕ್ಕೆ ಬಂದ ಮೇಲೆ ನೆಲ ಮುಟ್ಟಿ, ತುದಿ ದಾಟಿ ಕೆಳಗೆ ಬಿತ್ತು. ಇಬ್ಬರು ಪೈಲಟ್‌ಗಳು ಸೇರಿ 21 ಜನ ಹೋದರು. ಕೋ-ಪೈಲಟ್ 'ಗೋ ಅರೌಂಡ್' ಅಂದಿದ್ದರು. ಕ್ಯಾಪ್ಟನ್ ಕೇಳಲಿಲ್ಲ, ಕೋ-ಪೈಲಟ್ ಕಂಟ್ರೋಲ್ ಕೈಗೆ ತಗೊಳ್ಳಲೂ ಇಲ್ಲ ಅಂತ ಎಎಐಬಿ 2021ರ ವರದಿಯಲ್ಲಿ ಬರೆಯಿತು.

ಎರಡೂ ವರದಿ ಒಂದರ ಪಕ್ಕ ಒಂದು ಇಟ್ಟು ಓದಿ. ಹತ್ತು ವರ್ಷದ ಅಂತರ ಇದೆ ಅಂತ ಅನ್ಸೋದೇ ಇಲ್ಲ. ಕೋಡ್ ಲೆಕ್ಕದಲ್ಲಿ ಎರಡೂ ಆರ್‌ಇ. ಆದರೆ ನಿಜವಾದ ಸಮಸ್ಯೆ ಏನು? ಕಿರಿಯರು ಸರಿಯಾದದ್ದನ್ನೇ ಹೇಳಿದ್ದಾರೆ, ಹಿರಿಯರು ಕೇಳಿಲ್ಲ. ಹೇಳೋದಕ್ಕಿಂತ ಮುಂದೆ ಹೋಗೋ ಧೈರ್ಯ ಕಿರಿಯರಿಗೆ ಬಂದಿಲ್ಲ. 'ಸರ್ ಹೇಳಿದ ಮೇಲೆ ಮುಗೀತು' ಅನ್ನೋ ಗಾಳಿಯಲ್ಲೇ ಬೆಳೆದ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಇಂಥದ್ದಕ್ಕೂ ಅಡ್ರೆಪ್‌ನಲ್ಲಿ ಮಾನವ ಅಂಶ ಅಂತ ಕೋಡ್‌ಗಳಿವೆ. ಆದರೆ ಕೋಡ್ ತುಂಬಿದ ಮಾತ್ರಕ್ಕೆ ಕಾಕ್‌ಪಿಟ್ ಬದಲಾಗಲ್ಲ.

ಕಾಕ್‌ಪಿಟ್ ಬದಲಾಗಬೇಕು ಅಂದ್ರೆ ವರದಿಯ ಕೊನೆಯಲ್ಲಿರೋ ಸುರಕ್ಷತಾ ಶಿಫಾರಸುಗಳು ಜಾರಿಗೆ ಬರಬೇಕು. ಅನೆಕ್ಸ್ 13ರಲ್ಲಿ ಇದಕ್ಕೂ ನಿಯಮ ಇದೆ. ಒಂದು ದೇಶ ಇನ್ನೊಂದು ದೇಶಕ್ಕೆ ಶಿಫಾರಸು ಕಳಿಸಿದರೆ, 90 ದಿನದಲ್ಲಿ ಉತ್ತರ ಕೊಡಬೇಕು: ಏನು ಮಾಡಿದ್ರಿ, ಏನು ಮಾಡ್ತೀರಿ, ಮಾಡಲ್ಲ ಅಂದ್ರೆ ಯಾಕೆ. ಪರದೇಶದ ಪತ್ರಕ್ಕೆ ಇರೋ ಈ ಮರ್ಯಾದೆ ಮನೆಯ ಶಿಫಾರಸಿಗೂ ಸಿಗಲಿ, ಅದೂ ನಮ್ಮೆಲ್ಲರ ಕಣ್ಣೆದುರಿಗೆ ಅಂತ ನಾನು ಕೇಳೋದು.

ಅಮೆರಿಕದ ಎನ್‌ಟಿಎಸ್‌ಬಿ ಇದನ್ನ ಮಾಡುತ್ತೆ. ತಾನು ಕೊಟ್ಟ ಪ್ರತಿ ಶಿಫಾರಸಿನ ಸ್ಥಿತಿ ಏನು ಅಂತ ಎಲ್ಲರಿಗೂ ಕಾಣೋ ಹಾಗೆ ಹಾಕುತ್ತೆ. ಉತ್ತರ ಸರಿಯಿಲ್ಲದಿದ್ದರೆ 'ಇನ್ನೂ ಬಾಕಿ, ಉತ್ತರ ಒಪ್ಪುವಂಥದ್ದಲ್ಲ' ಅನ್ನೋ ಅರ್ಥದ ಷರಾ ಬರೆಯುತ್ತೆ. ಸರ್ಕಾರದ ಒಂದು ಸಂಸ್ಥೆ ಸರ್ಕಾರದ ಇನ್ನೊಂದು ಇಲಾಖೆಗೆ ಬಹಿರಂಗವಾಗಿ ಕೆಂಪು ಇಂಕಿನಲ್ಲಿ ಮಾರ್ಕ್ಸ್ ಹಾಕಿದ ಹಾಗೆ. ಅವರಿಗೆ ಅದು ಸಾಧ್ಯ ಆಗೋದು 1975ರಿಂದ ಆ ಸಂಸ್ಥೆ ಸಾರಿಗೆ ಇಲಾಖೆಯಿಂದ ಪೂರ್ತಿ ಬೇರೆ ಆಗಿರೋದ್ರಿಂದ. ನಮ್ಮ ಎಎಐಬಿ ನಾಗರಿಕ ವಿಮಾನಯಾನ ಸಚಿವಾಲಯದ ಕೈಕೆಳಗಿನ ಕಚೇರಿ. ನಿಯಮ ಮಾಡುವ ಡಿಜಿಸಿಎ ಅದೇ ಸಚಿವಾಲಯದ್ದು. ಮಂಗಳೂರು, ಕೋಯಿಕ್ಕೋಡ್ ಅಪಘಾತಗಳ ಕಾಲಕ್ಕೆ ಆ ನಿಲ್ದಾಣಗಳನ್ನ ನಡೆಸುತ್ತಿದ್ದ ಪ್ರಾಧಿಕಾರವೂ ಅದೇ ಸಚಿವಾಲಯದ್ದು. ಒಂದೇ ಮನೆಯ ಮೂವರಲ್ಲಿ ಒಬ್ಬರು ಇನ್ನಿಬ್ಬರ ತಪ್ಪು ಹುಡುಕಬೇಕು. ತನಿಖಾಧಿಕಾರಿಗಳು ಪ್ರಾಮಾಣಿಕರಲ್ಲ ಅಂತ ನಾನು ಹೇಳ್ತಿಲ್ಲ. ಕೋಯಿಕ್ಕೋಡ್ ವರದಿ ಕಂಪನಿಯ ವ್ಯವಸ್ಥೆಯನ್ನೂ ಬಿಡದೆ ಟೀಕಿಸಿದೆ. ಆದರೆ ಡಿಸೈನ್ ಮಾಡುವಾಗ ಒಳ್ಳೆಯವರೇ ಬರ್ತಾರೆ ಅಂತ ನಂಬಿ ಯಾರೂ ಸೇತುವೆ ಕಟ್ಟಲ್ಲ.

ಇನ್ನೊಂದು ಮಾತು ನಮ್ಮ ಹಾಸ್ಟೆಲ್ ಚರ್ಚೆಗಳಿಗೆ. 2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ ಏರ್ ಇಂಡಿಯಾ 787 ಬಿದ್ದು 260 ಜನ ಸತ್ತಾಗ, ಪ್ರಾಥಮಿಕ ವರದಿ ಜುಲೈ 12ಕ್ಕೆ ಹೊರಬಂತು. 15 ಪುಟ. ಯಾಕೆ ಇಂಧನ ಕಟ್ ಮಾಡಿದ್ರಿ ಅಂತ ಒಬ್ಬ ಪೈಲಟ್ ಕೇಳಿದ್ದು, ನಾನು ಮಾಡಿಲ್ಲ ಅಂತ ಇನ್ನೊಬ್ಬರು ಹೇಳಿದ್ದು ಅದರಲ್ಲಿತ್ತು. ಯಾರು ಕೇಳಿದ್ದು, ಯಾರು ಹೇಳಿದ್ದು ಅಂತ ಇರಲಿಲ್ಲ. ಅಷ್ಟಕ್ಕೇ ವಾಟ್ಸ್ಯಾಪ್ ಗ್ರೂಪ್‌ಗಳು ತೀರ್ಪು ಕೊಟ್ಟು ಮುಗಿಸಿದವು. ಅನೆಕ್ಸ್ 13ರ ಪ್ರಕಾರ ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತ ತಡೆಯೋದು, ಯಾರ ತಲೆಗೂ ತಪ್ಪು ಕಟ್ಟೋದಲ್ಲ. ತಪ್ಪು ಹೇಳಿದವನಿಗೆ ಶಿಕ್ಷೆ ಖಚಿತ ಅಂತಾದರೆ ನಾಳೆ ಯಾರೂ ನಿಜ ಹೇಳಲ್ಲ, ಆಗ ಮಾಂಟ್ರಿಯಲ್‌ಗೆ ಹೋಗೋ ಡೇಟಾವೂ ಸುಳ್ಳೇ ಆಗುತ್ತೆ.

ಮಂಗಳೂರು, ಕೋಯಿಕ್ಕೋಡ್ ಎರಡರ ಅಂತಿಮ ವರದಿಗಳೂ ಯಾರು ಬೇಕಾದರೂ ಓದುವ ಹಾಗಿವೆ. ಉದ್ದ ಇವೆ, ಭಾಷೆ ಒಣ. ಪೂರ್ತಿ ಓದೋಕೆ ಪುರುಸೊತ್ತಿಲ್ಲ ಅಂದ್ರೆ ಶಿಫಾರಸುಗಳ ಭಾಗ ಮಾತ್ರ ತೆಗೀರಿ. ಒಂದೊಂದರ ಮುಂದೆಯೂ 'ಆಯ್ತಾ?' ಅಂತ ಪೆನ್ಸಿಲ್‌ನಲ್ಲಿ ಬರೀತಾ ಹೋಗಿ. ಎಷ್ಟಕ್ಕೆ ಉತ್ತರ ಸಿಗುತ್ತೆ ನೋಡಿ.