ಮನೆ ಬದಲಾವಣೆ: ಗಿಡಕ್ಕೊಂದು ನ್ಯಾಯ, ಬೆಕ್ಕಿಗೊಂದು ನ್ಯಾಯ

ಮನೆ ಬದಲಿಸುವಾಗ ಕುಂಡದ ಗಿಡಗಳನ್ನೂ ಸಾಕುಪ್ರಾಣಿಗಳನ್ನೂ ‘ಸಾಮಾನಲ್ಲದ ಸಾಮಾನು’ ಎಂದು ಒಟ್ಟಿಗೇ ಎಣಿಸುವುದು ರೂಢಿ. ಆದರೆ ಒಯ್ಯಬೇಕೇ ಬೇಡವೇ ಎಂಬ ಪ್ರಶ್ನೆಗೆ ಇವೆರಡರ ಉತ್ತರ ಒಂದೇ ಅಲ್ಲ. ಗಿಡವನ್ನು ಬೇರೆಯವರಿಗೆ ಕೊಡಬಹುದು, ಒಂದು ಕಡ್ಡಿಯಿಂದ ಮತ್ತೆ ಪಡೆಯಬಹುದು. ಸಾಕಿದ ಪ್ರಾಣಿಯ ವಿಷಯದಲ್ಲಿ ಈ ಅನುಕೂಲವಿಲ್ಲ. ನಡೆಯುವುದು ಮಾತ್ರ ಎಷ್ಟೋ ಕಡೆ ತಿರುಗುಮುರುಗು: ಬೆಂಗಳೂರಿನ ಬಾಡಿಗೆ ಮನೆಯಿಂದ ಹೊರಡುವ ಲಾರಿಯಲ್ಲಿ ಅರೆ ಒಣಗಿದ ಕ್ರೋಟನ್‌ಗೂ ಜಾಗ ಸಿಗುತ್ತದೆ, ಬೆಕ್ಕು ಗೇಟಿನ ಬಳಿ ಉಳಿಯುತ್ತದೆ.

ಗಿಡಗಳಲ್ಲಿ ಬಹುಪಾಲನ್ನು ಒಯ್ಯದಿರುವುದೇ ಲೇಸು. ದಾಸವಾಳ, ದೊಡ್ಡಪತ್ರೆ, ಮನಿಪ್ಲಾಂಟ್, ನುಗ್ಗೆ ಕಡ್ಡಿಯಿಂದಲೇ ಚಿಗುರುತ್ತವೆ; ತುಳಸಿಗೆ ಒಂದು ಚಿಟಿಕೆ ಬೀಜ ಸಾಕು; ಕರಿಬೇವಿನ ಬುಡದಲ್ಲಿ ಏಳುವ ಮರಿಗಿಡವನ್ನು ಬೇರು ಸಮೇತ ತೆಗೆದುಕೊಂಡರಾಯಿತು. ನೆಲದಲ್ಲಿ ನೆಲೆನಿಂತ ದೊಡ್ಡ ಗಿಡವನ್ನು ಅಗೆದರೆ ನೀರು ಹೀರುವ ನವಿರು ಬೇರುಗಳು ಹರಿದು ಮಣ್ಣಿನಲ್ಲೇ ಉಳಿಯುತ್ತವೆ, ಎಲೆಗಳಿಗೆ ಬೇಕಾಗುವ ನೀರು ಮಾತ್ರ ಮೊದಲಿನಷ್ಟೇ ಇರುತ್ತದೆ. ಗಿಡ ಬಾಡುವುದು ಅದಕ್ಕೇ.

ಒಯ್ಯಲೇಬೇಕಾದ ಕುಂಡಗಳಿಗೆ ಎರಡು ದಿನ ಮೊದಲು ಚೆನ್ನಾಗಿ ನೀರುಣಿಸಿ ಆಮೇಲೆ ನಿಲ್ಲಿಸಿದರೆ ಭಾರ ಇಳಿಯುತ್ತದೆ, ಕೆಸರು ಸೋರುವುದಿಲ್ಲ. ಮಲ್ಲಿಗೆಯಂಥ ಬಳ್ಳಿಯನ್ನು ಸವರಿ, ಮಣ್ಣಿನ ಮೇಲೆ ಹಳೆಯ ಪತ್ರಿಕೆಯ ಹಾಳೆ ಒತ್ತಿ, ಕುಂಡಕ್ಕೆ ಗೋಣಿಚೀಲ ಸುತ್ತಬೇಕು. ತೆರೆದ ಲಾರಿಯ ಗಾಳಿ ಎಲೆಗಳನ್ನು ಒಣಗಿಸುತ್ತದೆ, ಮುಚ್ಚಿದ ಲಾರಿಯ ಸೆಕೆ ಬೇಯಿಸುತ್ತದೆ. ಹಾಗಾಗಿ ಕುಂಡಗಳನ್ನು ಕೊನೆಗೆ ಹತ್ತಿಸಿ ಮೊದಲು ಇಳಿಸುವುದು ಕ್ಷೇಮ. ಮಕ್ಕಳ ಶಾಲೆಯ ಲೆಕ್ಕದಲ್ಲಿ ಜನ ಮನೆ ಬದಲಿಸುವುದು ಏಪ್ರಿಲ್–ಮೇ ತಿಂಗಳ ಉರಿಬಿಸಿಲಿನಲ್ಲಿ. ಯಾರೂ ಕದಲದ ಆಷಾಢವೇ ಗಿಡಗಳಿಗೆ ಒಳ್ಳೆಯ ಮುಹೂರ್ತ ಎಂಬುದನ್ನು ಪಂಚಾಂಗ ಹೇಳುವುದಿಲ್ಲ.

ಪ್ರಾಣಿಗಳನ್ನು ಬಿಟ್ಟುಹೋಗುವವರು ಸಾಮಾನ್ಯವಾಗಿ ಎರಡು ಕಾರಣ ಕೊಡುತ್ತಾರೆ. ಹೊಸ ಮಾಲೀಕರು ಒಪ್ಪುವುದಿಲ್ಲ ಎಂಬುದು ಮೊದಲನೆಯದು. ತೊಡಕು ನಿಜವೇ, ಆದರೆ ಅದು ಅಡ್ವಾನ್ಸ್ ಕೊಡುವ ಮುಂಚೆ ಕೇಳಬೇಕಾದ ಮಾತು, ಲಾರಿ ಬಂದು ನಿಂತ ಮೇಲಲ್ಲ. ಅಪಾರ್ಟ್‌ಮೆಂಟ್ ಸಂಘಗಳು ಬಹುಮತವಿದ್ದರೂ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ.

ಬೆಕ್ಕಿಗೆ ಬೇಕಾದದ್ದು ಮನೆ, ಮನುಷ್ಯರಲ್ಲ ಎಂಬುದು ಎರಡನೆಯದು. ಇದು ಅರ್ಧ ಸತ್ಯ. ಬೆಕ್ಕು ಕೆನ್ನೆಯನ್ನು ಗೋಡೆಗೂ ಬಾಗಿಲಿಗೂ ಉಜ್ಜಿ ತನ್ನ ವಾಸನೆ ಬಿಟ್ಟು ಜಾಗವನ್ನು ಗುರುತಿಟ್ಟುಕೊಳ್ಳುತ್ತದೆ; ಹೊಸ ಮನೆಯಲ್ಲಿ ಆ ಗುರುತು ಒಂದೂ ಇರುವುದಿಲ್ಲ. ತಕ್ಷಣ ಹೊರಗೆ ಬಿಟ್ಟರೆ ಅದು ಹಳೆಯ ಮನೆಯ ದಾರಿ ಹಿಡಿಯುವುದು ಈ ಕಾರಣಕ್ಕೆ. ಮೊದಲು ಒಂದೇ ಕೋಣೆಯಲ್ಲಿಟ್ಟು, ಒಗೆಯದ ಹಳೆಯ ಹಾಸುಬಟ್ಟೆ, ತಟ್ಟೆ, ಮರಳಿನ ತಟ್ಟೆ ಕೊಟ್ಟು, ಎರಡು ಮೂರು ವಾರ ಹೊರಗೆ ಬಿಡದಿದ್ದರೆ ಸಾಮಾನ್ಯವಾಗಿ ಒಗ್ಗಿಕೊಳ್ಳುತ್ತದೆ. ನಾಯಿಗೆ ಯಜಮಾನ ಎದುರಿಗಿದ್ದು, ಊಟ–ತಿರುಗಾಟದ ಹೊತ್ತು ತಪ್ಪದಿದ್ದರೆ ಅರ್ಧ ಕೆಲಸ ಆದಂತೆ.

ಕಾನೂನು ಪ್ರಾಣಿಗಳ ಪರವಾಗಿಯೇ ಇದೆ, ಹಲ್ಲಿಲ್ಲದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು ಅಪರಾಧ. ಮೊದಲ ಸಲದ ದಂಡ 10ರಿಂದ 50 ರೂಪಾಯಿ. ನರ್ಸರಿಯ ಒಂದು ಒಳ್ಳೆಯ ದಾಸವಾಳದ ಗಿಡ ಇದಕ್ಕಿಂತ ದುಬಾರಿ.

ದೂರದ ಊರಾದರೆ ರೈಲಿನಲ್ಲಿ ನಾಯಿಯನ್ನು ಜೊತೆಗೆ ಕರೆದೊಯ್ಯಲು ಎ.ಸಿ. ಮೊದಲ ದರ್ಜೆಯ ಕೂಪೆ ಅಥವಾ ಕ್ಯಾಬಿನ್ ಪೂರ್ತಿ ಕಾಯ್ದಿರಿಸಬೇಕು. ಇಲ್ಲವಾದರೆ ಗಾರ್ಡ್ ಬೋಗಿಯ ನಾಯಿಪೆಟ್ಟಿಗೆಯೇ ಗತಿ. ಪಶುವೈದ್ಯರ ಪ್ರಮಾಣಪತ್ರ, ರೇಬೀಸ್ ಲಸಿಕೆಯ ದಾಖಲೆ ಕೈಯಲ್ಲಿರಬೇಕು.

ದೇಶದ ಗಡಿ ದಾಟುವಾಗ ಗಿಡ–ಪ್ರಾಣಿಗಳ ಭೇದವನ್ನು ಸರ್ಕಾರಗಳೇ ಮಾಡುತ್ತವೆ. ಮೈಕ್ರೋಚಿಪ್, ಲಸಿಕೆ, ಕಾಗದಪತ್ರ ಸರಿಯಿದ್ದರೆ ನಾಯಿ–ಬೆಕ್ಕುಗಳಿಗೆ ಹಲವು ದೇಶಗಳಲ್ಲಿ ಪ್ರವೇಶವುಂಟು. ಮಣ್ಣಿನ ಕುಂಡಕ್ಕೆ ಬಹುತೇಕ ಇಲ್ಲ. ಅಮೆರಿಕದ ಕನ್ನಡಿಗರಿಗೆ ಇದು ಕರಿಬೇವಿನಿಂದಲೇ ಗೊತ್ತು. ನಿಂಬೆ–ಕಿತ್ತಳೆ ತೋಟಗಳನ್ನು ಹಾಳುಮಾಡುವ ಗ್ರೀನಿಂಗ್ ರೋಗವನ್ನು ಹರಡುವ ಪುಟ್ಟ ಕೀಟಕ್ಕೆ ಕರಿಬೇವು ಆಶ್ರಯ. ಫ್ಲಾರಿಡಾದಲ್ಲಿ 2005ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ 2012ರಲ್ಲಿ ಈ ರೋಗ ಕಾಣಿಸಿಕೊಂಡಿತು. ಹೀಗಾಗಿ ಕ್ವಾರಂಟೀನ್ ಪ್ರದೇಶದಿಂದ ಮನೆ ಬದಲಿಸುವವರು ಹಿತ್ತಿಲ ಕರಿಬೇವನ್ನು ಇದ್ದಲ್ಲೇ ಬಿಟ್ಟು, ಹೋದ ಊರಿನಲ್ಲಿ ಪರವಾನಗಿ ಪಡೆದ ನರ್ಸರಿಯಿಂದ ಬೇರೆ ಗಿಡ ಕೊಳ್ಳಬೇಕಾಗುತ್ತದೆ.